ಗುಜ್ಜೆ ಪಲ್ಯ ಹೋಟೆಲಿಗೆ ಯಾಕೆ ಬರಲಿಲ್ಲ

(ಗುಜ್ಜೆ ಅಂದರೆ ಎಳೆ ಹಲಸಿನಕಾಯಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ವಾಚನಾಲಯದ ಗೆಳೆಯರು ಕರೆದಾಗ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಸಭೆಯಲ್ಲಿದ್ದವರು ಕೊನೆಗೆ ಕೇಳಿದ್ದನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ದೊಡ್ಡದು. ನಮ್ಮ ದೇಶ ಮತ್ತು ಅಕ್ಕಪಕ್ಕದ ದೇಶಗಳ ಪೇಟೆಗಳಲ್ಲಿ ಜನ ಹೊರಗೆ ಏನು ತಿನ್ನುತ್ತಾರೆ, ನಮ್ಮ ಕಾಸರಗೋಡಿಗೂ ಅದಕ್ಕೂ ಏನು ಸಂಬಂಧ ಅಂತ ಹೇಳಬೇಕು. ನಾನು 11 ವರ್ಷ ಶಾರ್ಜಾದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದವನು. ನನಗೆ ಗೊತ್ತಿರುವ ದಾರಿ ಅಲ್ಲಿಂದಲೇ ಶುರುವಾಗುತ್ತದೆ. ಅದಕ್ಕೆ ಒಂದು ಎಲೆಯ ಕಥೆ ಮೊದಲು ಹೇಳುತ್ತೇನೆ.

ಶಾರ್ಜಾದಲ್ಲಿ ನಮ್ಮ ರೂಮಿನಲ್ಲಿ ಆರು ಜನ. ನಾನು, ಕುಂಬಳೆಯವನೊಬ್ಬ, ಢಾಕಾದವನೊಬ್ಬ, ಕೊಲಂಬೊ ಕಡೆಯವನೊಬ್ಬ, ನೇಪಾಳದವರು ಇಬ್ಬರು. ಪಕ್ಕದ ರೂಮು ಪೂರ್ತಿ ಲಾಹೋರ್, ಕರಾಚಿಯವರದ್ದು. ಎರಡು ರೂಮಿಗೂ ಸೇರಿ ಒಂದೇ ಅಡುಗೆಮನೆ. ಒಂದು ರಾತ್ರಿ ಊರಿಂದ ತಂಗಿ ಫೋಟೋ ಕಳಿಸಿದ್ದಳು. ಮರುದಿನ ಅಷ್ಟಮಿ. ಅಮ್ಮ ಜಗಲಿಯಲ್ಲಿ ಕುಳಿತು ಗುಂಡಕ್ಕೆ ಎಲೆ ಕಟ್ಟುತ್ತಿದ್ದರು. ನಿಮಗೆಲ್ಲ ಗೊತ್ತಿರುವುದೇ. ನಾಲ್ಕು ಹಲಸಿನ ಎಲೆಗಳ ತುದಿಯನ್ನು ನಡುವಿನಲ್ಲಿ ಒಂದರ ಮೇಲೊಂದು ಕೂರಿಸಬೇಕು. ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಸೇರಿಸಿ ಮೇಲಕ್ಕೆ ಮಡಚಿದರೆ ಲೋಟದ ಹಾಗೆ ನಿಲ್ಲುತ್ತದೆ. ಅದಕ್ಕೆ ಉದ್ದು-ಅಕ್ಕಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತೇವೆ.

ಫೋಟೋ ನೋಡಿದ ಢಾಕಾದ ಗೆಳೆಯ ಹಾಸಿಗೆಯಿಂದ ಎದ್ದೇ ಬಿಟ್ಟ. 'ಭಾಯ್, ಇದು ನಮ್ಮ ಹಾಜಿ ಬಿರಿಯಾನಿಯ ಪೊಟ್ಟಣ!' ಅಂದ. ಹಳೇ ಢಾಕಾದಲ್ಲಿ 1939ರಿಂದ ನಡೆಯುತ್ತಿರುವ ಪುಟ್ಟ ಹೋಟೆಲು ಅದು. ಆಡಿನ ಮಾಂಸ, ಸಾಸಿವೆ ಎಣ್ಣೆ, ಸಣ್ಣ ಅಕ್ಕಿ. ಪಾರ್ಸೆಲ್ ಬೇಕೆಂದರೆ ಹಲಸಿನ ಎಲೆಗಳನ್ನು ಜೋಡಿಸಿ ಕಟ್ಟಿದ ಪೊಟ್ಟಣದಲ್ಲಿ ತುಂಬಿಸಿ ಕೊಡುತ್ತಾರಂತೆ. ಎಲೆಯ ವಾಸನೆ ಬಿಸಿ ಅನ್ನಕ್ಕೆ ಹತ್ತುತ್ತದೆ. ಗುಂಡ ಬಿಡಿಸುವಾಗ ನಮ್ಮ ಮೂಗಿಗೆ ಬರುವುದೂ ಅದೇ ವಾಸನೆ. ಆ ರಾತ್ರಿ ನಾವಿಬ್ಬರೂ ಊರಿನ ಮಾತಾಡುತ್ತಾ ತುಂಬ ಹೊತ್ತು ಎಚ್ಚರ ಇದ್ದೆವು.

ಆಮೇಲೆ ಎಲ್ಲರನ್ನೂ ಹಲಸಿನ ಬಗ್ಗೆ ಕೇಳುವುದು ನನಗೆ ಅಭ್ಯಾಸ ಆಯಿತು. ನಾವು ಗುಜ್ಜೆ ಅನ್ನುವುದಕ್ಕೆ ಚಂದ್ರಗಿರಿ ಹೊಳೆಯಿಂದ ಆಚೆ ಮಲಯಾಳದವರು ಇಡಿಚಕ್ಕ ಅನ್ನುತ್ತಾರೆ. ಸಿಂಹಳದಲ್ಲಿ ಅದು ಪೊಲೊಸ್. ಬಂಗಾಳದಲ್ಲಿ ಏಂಚೋಡ್. ಬಂಗಾಳಿಗಳು ಅದಕ್ಕೆ ಪ್ರೀತಿಯಿಂದ 'ಗಾಛ್ ಪಾಂಠಾ' ಅಂತಲೂ ಹೇಳುತ್ತಾರೆ. ಮರದಲ್ಲಿ ಬಿಟ್ಟ ಆಡು ಅಂತ ಅರ್ಥ. ಚೆನ್ನಾಗಿ ಮಸಾಲೆ ಹಾಕಿ ಬೇಯಿಸಿದರೆ ಬಾಯಿಗೆ ಮಾಂಸದ ಹಾಗೇ ಸಿಗುತ್ತದಲ್ವಾ, ಅದಕ್ಕೆ. ನಮ್ಮಲ್ಲಿ ಗಟ್ಟಿ ತೊಳೆಯ ಬಕ್ಕೆ, ಮೆತ್ತಗಿನ ತೊಳೆಯ ತುಳುವ ಅಂತ ಎರಡು ಜಾತಿ. ಮಲಯಾಳದಲ್ಲಿ ವರಿಕ್ಕ, ಕೂಳ. ಶ್ರೀಲಂಕಾದಲ್ಲಿ ವರಕ, ವೆಲ. ವರಿಕ್ಕ ಮತ್ತು ವರಕ ಎಷ್ಟು ಹತ್ತಿರದ ಮಾತು ನೋಡಿ. ಸಿಂಹಳದವರು ಹಲಸಿನ ಮರವನ್ನು 'ಬತ್ ಗಸ' ಅನ್ನುತ್ತಾರೆ, ಅಂದರೆ ಅನ್ನದ ಮರ. ಅಲ್ಲಿ ಆರ್ಥರ್ ಡಯಾಸ್ ಅಂತ ಒಬ್ಬರಿದ್ದರು. ಬ್ರಿಟಿಷರ ಕಾಲದಲ್ಲಿ, ಜನ ಹಸಿದಿರಬಾರದು ಅಂತ ದೇಶದ ತುಂಬ ಹಲಸು ನೆಡಿಸುವ ಚಳವಳಿಯನ್ನೇ ಮಾಡಿದರು. ಇವತ್ತಿಗೂ ಅವರನ್ನು 'ಕೊಸ್ ಮಾಮಾ', ಹಲಸಿನ ಮಾವ ಅಂತಲೇ ಜನ ನೆನೆಯುತ್ತಾರೆ. ಬಾಂಗ್ಲಾದೇಶಕ್ಕೆ ಹಲಸು ರಾಷ್ಟ್ರೀಯ ಹಣ್ಣು. ಕೇರಳ ಸರಕಾರ 2018ರಲ್ಲಿ ಅದನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು. ನಮ್ಮ ವಾಣಿನಗರದ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ವರ್ಷಗಟ್ಟಲೆ ಹಲಸಿನ ಬಗ್ಗೆ ಬರೆದು, ಊರೂರು ತಿರುಗಿ ಹೇಳಿದ್ದಾರೆ.

ಈಗ ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಿರಿ. ಮಾರ್ಚ್ ತಿಂಗಳು ಅಂತಿಟ್ಟುಕೊಳ್ಳಿ. ಜಿಲ್ಲೆಯ ಪ್ರತಿ ಹಿತ್ತಲಲ್ಲೂ ಗುಜ್ಜೆ ತೂಗುತ್ತಿರುತ್ತದೆ. ಹೋಟೆಲಿಗೆ ಹೋಗಿ ಏನುಂಟು ಅಂತ ಕೇಳಿ. ಪೊರೋಟ ಉಂಟು, ಬೀಫ್ ಉಂಟು, ಗಲ್ಫಿನ ಕುಳಿಮಂದಿ, ಅಲ್‌ಫಹಮ್, ಮಸಾಲೆ ದೋಸೆ, ಗೋಬಿ ಮಂಚೂರಿ ಎಲ್ಲ ಉಂಟು. ಗಾಜಿನ ಪೆಟ್ಟಿಗೆಯಲ್ಲಿ ಬನ್ಸ್, ಗೋಳಿಬಜೆ, ಬಾಳೆಹಣ್ಣಿನ ಪೋಡಿ, ಅಂದರೆ ಬಜ್ಜಿ, ಇರುತ್ತದೆ. ಹೊಳೆ ದಾಟಿದರೆ ಅದೇ ಪೋಡಿಗೆ ಪಳಂಪೊರಿ ಅಂತ ಹೆಸರು. ಊಟಕ್ಕೆ ಕುಳಿತರೆ ಯಾವ ಅನ್ನ, 'ಕುಚ್ಚಲಾ, ಬೆಳ್ತಿಗೆಯಾ' ಅಂತ ಕೇಳಿ ಬಡಿಸುತ್ತಾರೆ. ಅಷ್ಟು ಮಟ್ಟಿಗೆ ನಮ್ಮ ಊರು ನಮ್ಮದೇ. ಆದರೆ ಪಲ್ಯ ಯಾವುದು? ಕ್ಯಾಬೇಜು, ಬೀಟ್‌ರೂಟು. ಎರಡೂ ಲಾರಿಯಲ್ಲಿ ಘಟ್ಟ ಇಳಿದು ಬಂದವು. ಏಳು ಭಾಷೆಯ ಜಿಲ್ಲೆ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಏಳು ಭಾಷೆಯವರ ಮನೆಯಲ್ಲೂ ಬೇಯುವ ಗುಜ್ಜೆ ಒಂದು ಹೋಟೆಲಿನ ಬಾಳೆ ಎಲೆಯಲ್ಲೂ ಕಾಣುವುದಿಲ್ಲ. ಯಾಕೆ? ಇದೊಂದೇ ಪ್ರಶ್ನೆ ಇಟ್ಟುಕೊಂಡು ಇವತ್ತು ಮಾತಾಡುತ್ತೇನೆ.

ಮೊದಲು ನನ್ನ ಅಪ್ಪನ ವಿಷಯ. 1956ರಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಅದೇ ವರ್ಷ 13 ವಯಸ್ಸಿನ ಅಪ್ಪ ಬೊಂಬಾಯಿಗೆ ಹೋದರು. ಒಂದು ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಕೆಲಸ. ಹಗಲು ಮೇಜು ಒರೆಸುವುದು, ರಾತ್ರಿ ಅದೇ ಮೇಜಿನ ಮೇಲೆ ಮಲಗುವುದು. ಸಾಂಬಾರಿನ ಬಿಸಿ ಪಾತ್ರೆ ತಾಗಿದ ಕಲೆ ಎಡಗೈಯಲ್ಲಿ ಕೊನೆಯವರೆಗೂ ಇತ್ತು. ಹೋಟೆಲ್ ಹುಡುಗರಿಗೆ ಅಂತಲೇ ಬೊಂಬಾಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಅಪ್ಪ ಕನ್ನಡ ಬರೆಯಲು ಕಲಿತದ್ದು ಅಲ್ಲೇ. ಮನೆಗೆ ಬರೆದ ಕಾಗದಗಳು ನನ್ನ ಹತ್ತಿರ ಇವೆ. ಅಕ್ಷರ ದುಂಡು ದುಂಡಾಗಿ, ತುಂಬ ಚೆಂದ.

ಅಪ್ಪ ಅಲ್ಲಿ 9 ವರ್ಷ ದುಡಿದರು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಒಳಗೆ ಬ್ರಾಹ್ಮಣರಿಗೆ ಮಾತ್ರ ಪ್ರವೇಶ. ನಾವು ಬ್ರಾಹ್ಮಣರಲ್ಲ. ಅಪ್ಪ ಇದನ್ನು ಸಿಟ್ಟಿನಿಂದ ಹೇಳಿದ್ದು ನಾನು ಕೇಳಿಲ್ಲ. ಆದರೆ ಕೇಳಿದ ನನಗೆ ಇವತ್ತಿಗೂ ನೋವಾಗುತ್ತದೆ. ಅದೇ ಸುಮಾರಿಗೆ, 1957ರಲ್ಲಿ, ಮದ್ರಾಸಿನಲ್ಲಿ ಹೋಟೆಲ್ ಬೋರ್ಡಿನ ಮೇಲಿದ್ದ 'ಬ್ರಾಹ್ಮಣಾಳ್' ಎಂಬ ಮಾತನ್ನು ತೆಗೆಯಬೇಕು ಅಂತ ಪೆರಿಯಾರ್ ಚಳವಳಿ ನಡೆಸಿದರು. ನಮ್ಮ ಹೋಟೆಲುಗಳ ಚರಿತ್ರೆಯನ್ನು ಹೇಳುವಾಗ ತುಪ್ಪದ ವಾಸನೆ ಮಾತ್ರ ಹೇಳಿ ಇದನ್ನು ಬಿಡಬಾರದು.

ಹಾಗಂತ ಆ ಹೋಟೆಲುಗಳು ಮಾಡಿದ್ದು ಸಣ್ಣ ಕೆಲಸ ಅಲ್ಲ. ಕಡಂದಲೆಯ ಕೆ. ಕೃಷ್ಣರಾಯರು ಹೋಟೆಲ್ ಹುಡುಗನಾಗಿಯೇ ದುಡಿದು ಮೇಲೆ ಬಂದವರು. 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಬೊಂಬಾಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದರು. ಬೋರ್ಡಿಂಗ್ ಅನ್ನುವ ಹೆಸರೇ ಹೇಳುತ್ತದೆ, ಅದು ಯಾರಿಗಾಗಿ ಅಂತ. ಸಂಸಾರ ಊರಲ್ಲಿ ಬಿಟ್ಟು ಒಬ್ಬನೇ ಬಂದ ಗುಮಾಸ್ತನಿಗೆ, ಟೈಪಿಸ್ಟಿಗೆ ಎರಡು ಹೊತ್ತಿನ ಊಟ. ಬೆಂಗಳೂರಿನ ಎಂಟಿಆರ್ 1924ರದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಅಲ್ಲೇ ಅಂತ ಹೇಳುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಉಡುಪಿ ಹೋಟೆಲಿನ ಊಟ ಉಡುಪಿಯ ಮನೆ ಊಟ ಅಲ್ಲ. ಮಠದ ಅಡುಗೆಗೆ ಈರುಳ್ಳಿ ಸೇರುವುದಿಲ್ಲ. ಹೋಟೆಲಿನ ಮಸಾಲೆ ದೋಸೆಗೆ ಈರುಳ್ಳಿ ಬೇಕೇ ಬೇಕು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಚಟ್ನಿ. ಹೋಟೆಲಿನಲ್ಲಿ ಗಂಜಿ ಕೊಟ್ಟರೆ ಗುಜರಾತಿಯವರು, ತಮಿಳರು ಬರುತ್ತಾರಾ? ಹಾಗಾಗಿ ಎಲ್ಲರ ನಾಲಿಗೆಗೂ ಹೊಂದುವ ನಾಲ್ಕು ತಿಂಡಿಗಳನ್ನು ಅವರು ಆರಿಸಿದರು. ಇಡ್ಲಿ, ದೋಸೆ, ವಡೆ, ಉಪ್ಪಿಟ್ಟು. ಪತ್ರೊಡೆ, ಮೂಡೆ, ಪುಂಡಿ, ಗುಜ್ಜೆ ಊರಲ್ಲೇ ಉಳಿದವು. ಅಪ್ಪ ಬೊಂಬಾಯಿಂದ ಬಂದ ಮೊದಲ ದಿನ ಕೇಳುತ್ತಿದ್ದದ್ದು ಗುಜ್ಜೆ ಪಲ್ಯ, ಗಂಜಿ.

ಇನ್ನು ಕಲ್ಕತ್ತಕ್ಕೆ ಹೋಗೋಣ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಮನಸ್ಸು ಗೆದ್ದ ಊರು ಅದು. 2019ರ ಮಾರ್ಚಿನಲ್ಲಿ ಹೋಗಿದ್ದೆ. ಕಾಲೇಜ್ ಸ್ಟ್ರೀಟಿನ ಸುತ್ತ ಹಳೆಯ 'ಪೈಸ್ ಹೋಟೆಲು'ಗಳಿವೆ. ಪೈಸ್ ಅಂದರೆ ಹಳೇ ಪೈಸೆ, ರೂಪಾಯಿಗೆ 64. ಹಳ್ಳಿಯಿಂದ ಓದಲು ಬಂದ ಹುಡುಗರು, ಮೆಸ್ಸಿನಲ್ಲಿ ಇರುತ್ತಿದ್ದ ಗುಮಾಸ್ತರು ಅಲ್ಲಿ ಉಣ್ಣುತ್ತಿದ್ದರು. ಕಥೆ ಬೊಂಬಾಯಿಯದ್ದೇ. ಆದರೆ ಲೆಕ್ಕ ಹಾಕುವ ರೀತಿ ಬೇರೆ. ನಮ್ಮ ಕಡೆ ಮೀಲ್ಸ್ ಅಂದರೆ ಒಂದು ದರ, ಎಲ್ಲ ಅದರಲ್ಲೇ. ಅಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ದುಡ್ಡು. ಅನ್ನಕ್ಕೆ ಇಷ್ಟು, ಬೇಳೆಗೆ ಇಷ್ಟು, ಮೀನಿಗೆ ಇಷ್ಟು. ಬಾಳೆ ಎಲೆಗೂ ದುಡ್ಡು. ಮೊದಲು ಕೇಳಿದಾಗ ನನಗೆ ಇದು ಜಿಪುಣತನ ಅನ್ನಿಸಿತ್ತು. ಕುಳಿತು ಉಂಡ ಮೇಲೆ ಅರ್ಥ ಆಯಿತು. ಜೇಬಿನಲ್ಲಿ ಕಡಿಮೆ ಇದ್ದವನು ಅನ್ನ, ಬೇಳೆ ಮಾತ್ರ ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಉಂಡು ಏಳಬಹುದು. ಸಂಬಳದ ದಿನ ದೊಡ್ಡ ಮೀನು ಹೇಳಬಹುದು.

ಇನ್ನೊಂದು ಲಾಭವೂ ಉಂಟು. ಕರಿಹಲಗೆಯ ಮೇಲೆ ಅವತ್ತಿನ ಅಡುಗೆಯನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಬೆಳಿಗ್ಗೆ ಮಾರ್ಕೆಟಿನಲ್ಲಿ ಏನು ಸಿಕ್ಕಿತೋ ಅದು. ನಾಳೆ ಬೇರೆ. ನಾನು ಹೋದ ದಿನ ಹಲಗೆಯಲ್ಲಿ ಬರೆದದ್ದನ್ನು ಪಕ್ಕದವರು ಓದಿ ಹೇಳಿದರು: ಏಂಚೋಡ್, ಚಿಂಗ್ಡಿ. ಗುಜ್ಜೆಗೆ ಸಿಗಡಿ ಹಾಕಿದ್ದು! ದಪ್ಪ ತುಂಡುಗಳು, ಆಲೂಗಡ್ಡೆ, ಶುಂಠಿ, ಜೀರಿಗೆ, ಮೇಲೆ ಒಂದಿಷ್ಟು ಗರಂ ಮಸಾಲೆ. ತೆಂಗಿನಕಾಯಿ ಇಲ್ಲ. ಗುಜ್ಜೆಯ ನಾರು ಸಿಗಡಿಯ ರಸವನ್ನು ಪೂರ್ತಿ ಕುಡಿದಿತ್ತು. ಮನೆಯಿಂದ ಅಷ್ಟು ದೂರದಲ್ಲಿ, ದುಡ್ಡು ಕೊಟ್ಟು ನಾನು ಗುಜ್ಜೆ ತಿಂದದ್ದು ಅದೇ ಮೊದಲು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಸಪ್ಲಾಯರ್ ಖಾರ ಜಾಸ್ತಿ ಆಯಿತು ಅಂದುಕೊಂಡು ನೀರು ತಂದುಕೊಟ್ಟರು.

ದರ ಒಂದೇ ಅಂತ ಇಟ್ಟುಕೊಂಡರೆ ಹೋಟೆಲಿನವರು ವರ್ಷಪೂರ್ತಿ ಸಿಗುವ ತರಕಾರಿಗೇ ಕೈ ಹಾಕುತ್ತಾರೆ. ಪ್ರತಿಯೊಂದಕ್ಕೂ ಬೇರೆ ಬೆಲೆ, ದಿನಕ್ಕೊಂದು ಪಟ್ಟಿ ಅಂತಾದರೆ ಎರಡು ತಿಂಗಳು ಮಾತ್ರ ಸಿಗುವ ಗುಜ್ಜೆಗೂ ಜಾಗ ಸಿಗುತ್ತದೆ. ಲೆಕ್ಕ ಬರೆದು ಬದುಕಿದವನಿಗೆ ಇದು ಬೇಗ ಕಾಣುತ್ತದೆ.

ಊರು ಬಿಟ್ಟವರ ಜೊತೆ ಅಡುಗೆ ಹೇಗೆ ಓಡಾಡುತ್ತದೆ ಅನ್ನುವುದಕ್ಕೆ ಕಲ್ಕತ್ತದಲ್ಲೇ ಇನ್ನೆರಡು ಸಾಕ್ಷಿ. 1856ರಲ್ಲಿ ಲಖನೌದ ನವಾಬ ವಾಜಿದ್ ಅಲಿ ಶಾ ರಾಜ್ಯ ಕಳಕೊಂಡು ಅಲ್ಲಿನ ಮಟಿಯಾಬುರ್ಜಿಗೆ ಬಂದ. ಜೊತೆಗೆ ಬಾಣಸಿಗರೂ ಬಂದರು. ಆಲೂಗಡ್ಡೆ ಇರುವ ಕಲ್ಕತ್ತ ಬಿರಿಯಾನಿ ಅಲ್ಲಿಂದ ಬಂದದ್ದು. ಹಾಗೇ, ಕಲ್ಕತ್ತದಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಬೊಂಬಾಯಿಗೆ ಹೋಗಿ ಚಿಕನ್ ಮಂಚೂರಿ ಮಾಡಿದರು ಅನ್ನುತ್ತಾರೆ. ಅದರ ತಮ್ಮ ಗೋಬಿ ಮಂಚೂರಿ ಇವತ್ತು ನಮ್ಮ ಜಾತ್ರೆಗಳಲ್ಲೂ ಉಂಟು. ಅದಕ್ಕೆ ಹಾಕುವ ಕೃತಕ ಬಣ್ಣವನ್ನು ಕರ್ನಾಟಕ 2024ರ ಮಾರ್ಚಿನಲ್ಲಿ ನಿಷೇಧಿಸಿತು. ಪಾಕಿಸ್ತಾನದ ಊರುಗಳಿಗೆ ನಾನು ಹೋಗಿಲ್ಲ. ಆದರೆ ಪಕ್ಕದ ರೂಮಿನವರು ಶುಕ್ರವಾರ ಮಾಡುತ್ತಿದ್ದ ನಿಹಾರಿ ತಿಂದಿದ್ದೇನೆ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯುವ ಮಾಂಸ. 1947ರಲ್ಲಿ ದಿಲ್ಲಿ ಬಿಟ್ಟು ಹೋದವರು ಅದನ್ನು ಕರಾಚಿಗೆ ಕೊಂಡುಹೋದರು. ಅಲ್ಲಿನ ಬರ್ನ್ಸ್ ರೋಡು ಈಗ ಅದಕ್ಕೇ ಹೆಸರುವಾಸಿ.

ನೇಪಾಳದ ಗೆಳೆಯರಲ್ಲಿ ಒಬ್ಬನ ಮದುವೆಗೆ ಕಠ್ಮಂಡುವಿಗೆ ಹೋಗಿದ್ದೆ. ಮೊಮೊ ವಿಷಯ ಬಿಡಿ, ಅದು ಈಗ ಮಂಗಳೂರಿನಲ್ಲೂ ಸಿಗುತ್ತದೆ. ನನಗೆ ಹೇಳಬೇಕಾದ್ದು ಥಕಾಲಿ ಊಟದ ಬಗ್ಗೆ. ಕಾಲಿ ಗಂಡಕಿ ಹೊಳೆಯ ಕಣಿವೆಯಲ್ಲಿ ಟಿಬೆಟಿನ ಉಪ್ಪು ಕೆಳಗೆ, ಕೆಳಗಿನ ಅಕ್ಕಿ ಮೇಲೆ ಸಾಗುವ ದಾರಿ ಇತ್ತು. ಆ ದಾರಿಯಲ್ಲಿ ಥಕಾಲಿ ಹೆಂಗಸರು ಭಟ್ಟಿ ನಡೆಸುತ್ತಿದ್ದರು. ನಮ್ಮ ಮಾತಲ್ಲಿ ಹೇಳಿದರೆ ಊಟ ಹಾಕಿ, ಮಲಗಲು ಜಾಗ ಕೊಡುವ ಮನೆ. ಅವರ ಮಕ್ಕಳು, ಮೊಮ್ಮಕ್ಕಳು ಪೇಟೆಗೆ ಬಂದು ಹೋಟೆಲ್ ಹಾಕಿದರು. ಕಂಚಿನ ತಟ್ಟೆಯಲ್ಲಿ ಅನ್ನ, ಕಪ್ಪು ಬೇಳೆಯ ದಾಲ್, ಸೊಪ್ಪು, ಗುಂದ್ರುಕ್. ಗುಂದ್ರುಕ್ ಅಂದರೆ ಸೊಪ್ಪನ್ನು ಹುಳಿ ಬರಿಸಿ ಒಣಗಿಸಿದ್ದು. ತೀರಾ ಬಡವರ ಮನೆಯ ಮಳೆಗಾಲದ, ಚಳಿಗಾಲದ ಆಸರೆ. ಅದು ಅಲ್ಲಿ ರಾಜಧಾನಿಯ ಹೋಟೆಲಿನಲ್ಲಿ ತಟ್ಟೆಯ ನಡುವೆಯೇ ಕುಳಿತಿದೆ. ದಾಲ್, ಅನ್ನ ಎಷ್ಟು ಸಲ ಬೇಕಾದರೂ ಹಾಕುತ್ತಾರೆ. ಹೆಂಗಸರು ಶುರು ಮಾಡಿದ ಹೋಟೆಲಿನಲ್ಲಿ ಮನೆಯ ಅಡುಗೆ ಹಾಗೇ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಕೊಲಂಬೊದಲ್ಲೂ ಹಾಗೇ. ಸಂಜೆ ತಗಡಿನ ಮೇಲೆ ಕೊತ್ತು ರೊಟ್ಟಿ ಕೊಚ್ಚುವ ಸದ್ದು ಇಡೀ ಬೀದಿಗೆ ಕೇಳಿಸುತ್ತದೆ. ಆದರೆ ಮಧ್ಯಾಹ್ನದ ಊಟದ ಪೊಟ್ಟಣ ಬಿಚ್ಚಿದರೆ ಅನ್ನದ ಪಕ್ಕದಲ್ಲಿ ಪೊಲೊಸ್ ಇರುತ್ತದೆ. ತೆಂಗಿನ ಹಾಲಿನಲ್ಲಿ ಕಪ್ಪಗಾಗುವವರೆಗೆ ಬೇಯಿಸಿದ ಗುಜ್ಜೆ, ದಾಲ್ಚಿನ್ನಿ ಹಾಕಿದ್ದು. ನಮ್ಮ ಒತ್ತು ಶಾವಿಗೆ ಅಲ್ಲಿ ಇಂದಿಆಪ್ಪ. ಚಾ ಅಂಗಡಿಯಲ್ಲಿ ಕುಳಿತರೆ ಕೇಳದೆಯೇ ಒಂದು ತಟ್ಟೆ ತುಂಬ ತಿಂಡಿ ತಂದಿಡುತ್ತಾರೆ. ತಿಂದಷ್ಟಕ್ಕೆ ಲೆಕ್ಕ, ಉಳಿದದ್ದು ವಾಪಸ್ಸು. ಎಷ್ಟು ತಿಂದೆ ಅಂತ ನಾವೇ ಹೇಳಬೇಕು. ನಂಬಿಕೆಯ ಮೇಲೆ ನಡೆಯುವ ಗಲ್ಲಾಪೆಟ್ಟಿಗೆ.

ನಂಬಿಕೆ ಅಂದಾಗ ನಮ್ಮೂರಿನ ಒಂದು ದುಃಖದ ವಿಷಯ ನೆನಪಾಗುತ್ತದೆ. 2022ರಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ತುಂಬ ಮಕ್ಕಳು ಹುಷಾರು ತಪ್ಪಿದರು. ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಮರುವರ್ಷ ಹಸಿ ಮೊಟ್ಟೆಯ ಮಯೊನೈಸನ್ನು ಕೇರಳ ಸರಕಾರ ನಿಲ್ಲಿಸಿತು. ಗಲ್ಫಿನಿಂದ ಬಂದ ಅಡುಗೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕುಳಿಮಂದಿ ನನಗೂ ಇಷ್ಟ. ಗಲ್ಫಿಗೆ ಹೋದ ನಮ್ಮವರು ಅಲ್ಲಿನ ರುಚಿ ತಂದರು, ಅದು ಸಹಜ. ಆದರೆ ಯಾವ ಅಡುಗೆಯನ್ನು ಎಷ್ಟು ಹೊತ್ತು ಹೊರಗಿಡಬಹುದು ಅನ್ನುವುದು ಅದನ್ನು ತಲೆಮಾರುಗಳಿಂದ ಮಾಡಿದವರ ಕೈಗೆ ಗೊತ್ತಿರುತ್ತದೆ. ರುಚಿಯ ಜೊತೆ ಆ ಎಚ್ಚರವೂ ಬರಬೇಕಿತ್ತು.

ಇನ್ನೊಂದು ಕಾಸರಗೋಡಿನ ನಂಟು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ (ಎಕೆಜಿ) 1957ರಿಂದ ಮೂರು ಸಲ ಇಲ್ಲಿಂದಲೇ ಲೋಕಸಭೆಗೆ ಗೆದ್ದವರು. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಹೊರಗೆ ಹಾಕಿತು. ಎಕೆಜಿಯವರು ಮುಂದೆ ನಿಂತು ಕೆಲಸಗಾರರದ್ದೇ ಸಹಕಾರ ಸಂಘ ಕಟ್ಟಿಸಿದರು. ಕೇರಳದ ಕಾಫಿ ಹೌಸಿನ ಮಸಾಲೆ ದೋಸೆ ಬಿಡಿಸಿದರೆ ಒಳಗೆ ಕೆಂಪು ಬೀಟ್‌ರೂಟು. ಬೆಂಗಳೂರಿನವರು ನೋಡಿ ಬೆಚ್ಚಿಬೀಳುತ್ತಾರೆ. ನನಗೆ ಅದು ಚಿಕ್ಕಂದಿನಿಂದ ಇಷ್ಟ. ಮೇಜು ಒರೆಸುವವನೂ ಪಾಲುದಾರ ಆಗಿರುವ ಹೋಟೆಲು ಅಂತ ಗೊತ್ತಾದ ಮೇಲೆ ಅಪ್ಪ ಪೇಟೆಗೆ ಬಂದರೆ ಅಂಥ ಕಡೆಯೇ ಚಾ ಕುಡಿಯುತ್ತಿದ್ದರು.

ಈಗ ಹೆಂಗಸರ ವಿಷಯಕ್ಕೆ ಬರುತ್ತೇನೆ. ಬೊಂಬಾಯಿಯ ಗಿರಣಿ ಕೆಲಸಗಾರರಿಗೆ ತಮ್ಮ ಮನೆಯಲ್ಲೇ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರಿದ್ದರು. ಉತ್ತರ ಕರ್ನಾಟಕದವರು ಹೇಳುವ ಖಾನಾವಳಿ ಅದೇ. ಅವರಿಗೆ ಬ್ಯಾಂಕಿನವರು ಸಾಲ ಕೊಡುತ್ತಿರಲಿಲ್ಲ. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಆ ಹೆಂಗಸರಿಗೆ ಸಾಲ ಸಿಗುವ ಹಾಗೆ ಮಾಡಿದರು. ನಮ್ಮ ಕೇರಳದಲ್ಲಿ 1998ರಲ್ಲಿ ಕುಟುಂಬಶ್ರೀ, ಅಂದರೆ ಹೆಂಗಸರ ಸ್ವಸಹಾಯ ಗುಂಪುಗಳ ಸರಕಾರಿ ಯೋಜನೆ, ಬಂತು. 2020ರಲ್ಲಿ ಕುಟುಂಬಶ್ರೀಯವರ ಜನಕೀಯ ಹೋಟೆಲುಗಳು ಬಂದವು, ಆಗ ಊಟಕ್ಕೆ 20 ರೂಪಾಯಿ ಇತ್ತು. ತಮಿಳುನಾಡಿನಲ್ಲಿ ಅಮ್ಮಾ ಉಣವಗಂ 2013ರಲ್ಲೇ ಶುರುವಾಗಿತ್ತು, ಇಡ್ಲಿಗೆ 1 ರೂಪಾಯಿ. ಬೆಂಗಳೂರಿನ ಇಂದಿರಾ ಕ್ಯಾಂಟೀನು 2017ರದ್ದು. ಈ ಎರಡು ಕ್ಯಾಂಟೀನುಗಳೂ ಒಳ್ಳೆಯವೇ. ಆದರೆ ಅಲ್ಲಿ ಏನು ಬೇಯಬೇಕು ಅಂತ ಮೇಲಿನವರು ನಿರ್ಧರಿಸುತ್ತಾರೆ. ಜನಕೀಯ ಹೋಟೆಲಿನಲ್ಲಿ ಅಡುಗೆ ಮಾಡುವ ನಾಲ್ಕೈದು ಹೆಂಗಸರದ್ದೇ ತೀರ್ಮಾನ ಜಾಸ್ತಿ.

ನಮ್ಮ ಪಂಚಾಯತಿನ ಅಂಥ ಒಂದು ಹೋಟೆಲಿಗೆ ಎರಡು ವರ್ಷದ ಹಿಂದೆ ಮಧ್ಯಾಹ್ನ ಹೋಗಿದ್ದೆ. ಕುಚ್ಚಲಕ್ಕಿ ಅನ್ನ, ಸಾಂಬಾರು, ಉಪ್ಪಿನಕಾಯಿ. ಪಲ್ಯ ನೋಡಿದರೆ ಗುಜ್ಜೆ! ಸಣ್ಣಗೆ ಕೊಚ್ಚಿ, ತೆಂಗಿನಕಾಯಿ, ಒಣಮೆಣಸು, ಅರಸಿನ ಹಾಕಿದ್ದು. ಒಳಗೆ ಹೋಗಿ ಕೇಳಿದೆ. 'ನಮ್ಮ ಮನೆಯದ್ದು ಅಣ್ಣಾ, ಬಿದ್ದು ಹಾಳಾಗುತ್ತದೆ ಅಂತ ಎರಡು ತಂದೆ' ಅಂದರು ಒಬ್ಬರು. ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಹೇಳಿದರು. ನನ್ನ ಪ್ರಶ್ನೆಗೆ ಉತ್ತರ ಆ ಮೆಲುದನಿಯಲ್ಲೇ ಇತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವಲ್ಲ, ಹಾಗೆ ಹಿತ್ತಲ ಹಲಸು ಪಲ್ಯವೂ ಅಲ್ಲ. ಅದಕ್ಕೆ ಬೆಲೆ ಕೇಳಲು ನಮಗೆ ನಾಚಿಕೆ. ದುಡ್ಡು ಕೊಟ್ಟು ತರುವ ಕ್ಯಾಬೇಜು ಮರ್ಯಾದೆ, ಸುಮ್ನೆ ಸಿಗುವ ಗುಜ್ಜೆ ಕೀಳು.

ಇನ್ನೊಂದು ಕಾರಣ ಕೆಲಸ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಬೇಕು. ಮುಳ್ಳು ಸಿಪ್ಪೆ ಕೆತ್ತಬೇಕು. ಮೇಣ ಒಸರುತ್ತಲೇ ಇರುತ್ತದೆ, ಒರೆಸುತ್ತಲೇ ಇರಬೇಕು. ತುಂಡು ಮಾಡಿ ಬೇಯಿಸಿ ಮತ್ತೆ ಜಜ್ಜಬೇಕು. ಒಂದು ಗುಜ್ಜೆಗೆ ಒಬ್ಬರ ಅರ್ಧ ಗಂಟೆ ಹೋಗುತ್ತದೆ. ಮನೆಯಲ್ಲಿ ಆ ಅರ್ಧ ಗಂಟೆಯನ್ನು ಅಮ್ಮನೋ ಅಕ್ಕನೋ ಕೊಟ್ಟರು. ಯಾರೂ ಲೆಕ್ಕ ಬರೆಯಲಿಲ್ಲ. ಹೋಟೆಲಿನಲ್ಲಿ ಆ ಅರ್ಧ ಗಂಟೆಗೆ ಕೂಲಿ ಕೊಡಬೇಕು. ಹಾಗಾಗಿ ಗುಜ್ಜೆ ಮನೆಯಲ್ಲಿ ಅಗ್ಗ, ಹೋಟೆಲಿನಲ್ಲಿ ತುಟ್ಟಿ.

ನಮ್ಮ ಮನೆಯ ಗುಜ್ಜೆಗೆ ಮೊದಲ ಸಲ ಬೆಲೆ ಕೇಳಿದವನು ಯಾರು ಗೊತ್ತಾ? ಹತ್ತಿರದ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ಬಂಗಾಳದ ಮುರ್ಶಿದಾಬಾದಿನವನು. ಗೇಟಿನ ಹೊರಗೆ ನಿಂತು ಮರದ ಕಡೆ ಕೈ ತೋರಿಸಿ 'ಏಂಚೋಡ್, ಕಿತನಾ?' ಅಂದ. ಅಮ್ಮನಿಗೆ ಏನು ಹೇಳಬೇಕು ಅಂತಲೇ ತೋಚಲಿಲ್ಲ. ದುಡ್ಡು ಬೇಡ ಅಂತ ಎರಡು ಕೊಯ್ದು ಕೊಟ್ಟರು. ಸಂಜೆ ಅವನು ಸ್ಟೀಲಿನ ಡಬ್ಬಿಯಲ್ಲಿ ಸಾರು ತಂದಿಟ್ಟು ಹೋದ. ಅಮ್ಮ ಬೆರಳು ಅದ್ದಿ ನೋಡಿ, 'ಕಾಯಿ ಹಾಕದೆಯೂ ಆಗುತ್ತದೆ ಅಂತಾಯಿತು' ಅಂದರು. ಅಪ್ಪ ಬೊಂಬಾಯಿಯಲ್ಲಿ ಹೇಗೆ ಇದ್ದರೋ ಆ ಹುಡುಗ ಇಲ್ಲಿ ಹಾಗೆ ಇದ್ದಾನೆ. ಕಾಸರಗೋಡಿನಲ್ಲಿ ಗುಜ್ಜೆ ಮಾರುವ ಹೋಟೆಲು ಬಂದರೆ ಅದರ ಮೊದಲ ಗಿರಾಕಿ ಅವನೇ ಇರಬಹುದು.

ನಾನು ಕೇಳುವುದು ದೊಡ್ಡದೇನಲ್ಲ. ಬದಿಯಡ್ಕದಲ್ಲೋ ಪೆರ್ಲದಲ್ಲೋ ಒಂದು ಸಣ್ಣ ಊಟದ ಹೋಟೆಲು. ಗೋಡೆಯಲ್ಲಿ ಕರಿಹಲಗೆ. ಕನ್ನಡ, ಮಲಯಾಳ, ತುಳು ಯಾವ ಹೆಸರು ಬಾಯಿಗೆ ಬರುತ್ತದೋ ಅದು ಬರೆಯಲಿ. ಅನ್ನಕ್ಕೆ ಬೇರೆ, ಗುಜ್ಜೆಗೆ ಬೇರೆ, ಬಂಗುಡೆಗೆ ಬೇರೆ ಬೆಲೆ. ಮಳೆಗಾಲಕ್ಕೆ ಪತ್ರೊಡೆ, ಅಷ್ಟಮಿಗೆ ಗುಂಡ, ಬೇಸಗೆಗೆ ಗುಜ್ಜೆ. ಅಡುಗೆಮನೆಯ ಹೊಸ್ತಿಲು ಯಾರು ಬೇಕಾದರೂ ದಾಟಬಹುದು. ಇಷ್ಟೇ.

ಮಾತು ಮುಗಿದ ಮೇಲೆ ಕಾಲೇಜಿನ ಹುಡುಗನೊಬ್ಬ ಎದ್ದು, 'ಮನೆಯಲ್ಲಿ ಸಿಗುವುದನ್ನು ಹೋಟೆಲಿನಲ್ಲಿ ಯಾರು ತಿನ್ನುತ್ತಾರೆ ಸರ್?' ಅಂತ ಕೇಳಿದ. ನಾನು ಅವನನ್ನೇ ಕೇಳಿದೆ, ಈ ವರ್ಷ ನಿಮ್ಮ ಮನೆಯಲ್ಲಿ ಎಷ್ಟು ಸಲ ಗುಜ್ಜೆ ಮಾಡಿದರು ಅಂತ. ಸ್ವಲ್ಪ ಯೋಚಿಸಿ, 'ಇಲ್ಲ, ಅಜ್ಜಿ ಹೋದ ಮೇಲೆ ಮಾಡಿಲ್ಲ' ಅಂದ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಅಕ್ಕ ಆಗ ಎದ್ದರು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. 'ಗುಂಡ ಕಟ್ಟುವುದು ನಾನು ಕಟ್ಟುತ್ತೇನೆ. ನೂರು ಬೇಕಾದರೂ ಕಟ್ಟುತ್ತೇನೆ. ದಿನಕ್ಕೆ ಎಷ್ಟು ಕೊಡುತ್ತೀರಿ, ಅದು ಮೊದಲು ಹೇಳಿ' ಅಂದರು.

ಸಭೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ವಾಚನಾಲಯದ ಗೆಳೆಯರೊಬ್ಬರು ಆಮಂತ್ರಣ ಪತ್ರಿಕೆ ತಿರುಗಿಸಿ, ಪೆನ್ನು ತೆಗೆದು ಲೆಕ್ಕ ಶುರು ಮಾಡಿದರು. ಒಂದು ಗುಂಡಕ್ಕೆ ನಾಲ್ಕು ಎಲೆ, ನೂರಕ್ಕೆ 400. ಎಲೆ ಕೊಯ್ಯಲು ಒಬ್ಬರು. ಕಡ್ಡಿ ಸೀಳಲು ಇನ್ನೊಬ್ಬರು. ಅಕ್ಕ ಮುಂದೆ ಬಂದು ಮೇಜಿನ ಪಕ್ಕ ನಿಂತರು. 'ಕಡ್ಡಿ ಸೀಳುವುದಕ್ಕೂ ಬರೆಯಿರಿ, ಅದೂ ಕೆಲಸವೇ' ಅಂದರು. ಅವರು ಬರೆದರು.